ಡಾಕ್ಟರ್ ಆಗಬೇಕಿದ್ದ ಆಬಾ

ಜೂನ್ 21, 2020, ಭಾನುವಾರ

ಮಾರ್ಚಿನಿಂದ ಈಚೆಗೆ ನನ್ನ ಡ್ರೈವಿಂಗ್ ಶಾಲೆಯ ರಿಜಿಸ್ಟರಿನಲ್ಲಿ ಒಂದು ಹೊಸ ಹೆಸರೂ ಇಲ್ಲ. ಒಳ್ಳೆಯ ದಪ್ಪ ಹಾಳೆಗಳು. ಸುಮ್ಮನೆ ಬಿದ್ದಿರುವ ಬದಲು ಏನಾದರೂ ಬರೆದಿಡುವುದೇ ವಾಸಿ.

ನಾಳೆ ಮಗಳು ಆಬಾಳನ್ನು ಕೇಪ್‌ಕೋಸ್ಟಿನ ಶಾಲೆಗೆ ಬಿಟ್ಟು ಬರಬೇಕು. ಮೂರು ತಿಂಗಳಿಂದ ಮುಚ್ಚಿದ್ದ ಹಾಸ್ಟೆಲ್ಲುಗಳನ್ನು ಕೊನೆಯ ವರ್ಷದವರಿಗೆ ಮಾತ್ರ ತೆರೆಯುತ್ತಿದ್ದಾರೆ. ಜುಲೈ ಇಪ್ಪತ್ತರಿಂದ ಅಂತಿಮ ಪರೀಕ್ಷೆ. ನಮ್ಮೂರು ಟಕೊರಾಡಿಯ ಅರ್ಧ ತಂದೆತಾಯಂದಿರು ಕಳಿಸುವುದೋ ಬಿಡುವುದೋ ಎಂದು ಕೈ ಹಿಸುಕಿಕೊಳ್ಳುತ್ತಿದ್ದಾರೆ. ನನ್ನದು ಟ್ರಂಕು ತುಂಬಿಸಿ ಬೀಗ ಹಾಕಿಯೂ ಆಯಿತು. ಒಂದು ಡಜನ್ ಮಾಸ್ಕ್, ನಾಲ್ಕು ಸೋಪು, ನೀರು ಸಕ್ಕರೆ ಹಾಕಿ ಕಲಸಿಕೊಂಡು ತಿನ್ನಲು ಮರಗೆಣಸಿನ ಗಾರಿ ಹಿಟ್ಟು, ಎರಡು ದೊಡ್ಡ ಬಾಟಲಿ ಶಿಟೊ. ಒಣಮೀನು, ಸೀಗಡಿ, ಶುಂಠಿ, ಮೆಣಸಿನಕಾಯಿ ಎಲ್ಲ ಎಣ್ಣೆಯಲ್ಲಿ ಕಪ್ಪಗಾಗುವ ತನಕ ಒಲೆ ಬಿಟ್ಟು ಕದಲಲಿಲ್ಲ. ನನ್ನ ಶಿಟೊ ತಿಂದವರು ಬೇರೆಯವರದ್ದನ್ನು ಮುಟ್ಟುವುದಿಲ್ಲ. ಇದು ಜಂಬದ ಮಾತಲ್ಲ.

ನಮ್ಮ ಯಜಮಾನರು ಕೊಬಿನಾ ಮಾತ್ರ ಬಾಗಿಲಲ್ಲೇ ನಿಂತಿದ್ದರು. "ಎಕುವಾ, ಇನ್ನೊಂದಿಷ್ಟು ದಿನ ನೋಡೋಣ ಕಣೇ. ಪರೀಕ್ಷೆ ಮುಂದಕ್ಕೆ ಹೋದ್ರೂ ಹೋಗ್ಬಹುದು."

"ಹೋಗಲ್ಲ. ಹೋದ್ರೂ ನಮ್ಮ ಮಗಳು ತಯಾರಾಗಿರ್ಬೇಕು. ನೀವು ರೈಲ್ವೆ ಉಗ್ರಾಣದಲ್ಲಿ ಬೋಲ್ಟು ಎಣಿಸೋ ಹಾಗೆ ಇದನ್ನೂ ಎಣಿಸ್ತಾ ಕೂತ್ರೆ ಸೀಟು ಬೇರೆಯವರ ಪಾಲಾಗತ್ತೆ."

ಅವರು ಟ್ರಂಕಿನ ಬೀಗ ಎಳೆದು ನೋಡಿ ಹೋದರು. ನನ್ನ ಬೀರುವಿನ ಬಾಗಿಲ ಒಳಮೈಗೆ ಎಲ್ಲ ಅಂಟಿಸಿದ್ದೇನೆ: ಲೆಗಾನ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ, ಯಾವ ವಿಷಯದಲ್ಲಿ ಎಷ್ಟು ಬೇಕು, ಅರ್ಜಿ ಯಾವಾಗ. ಚರ್ಚಿನಲ್ಲಿ ಈಗಲೇ ಎಲ್ಲರೂ "ನಮ್ಮ ಡಾಕ್ಟರ್ ಹೇಗಿದ್ದಾಳೆ?" ಎಂದು ಕೇಳುತ್ತಾರೆ.

ಆಬಾ ಏನೂ ಹೇಳಲಿಲ್ಲ. ಅವಳಿಗೂ ಹೋಗಬೇಕೆಂದೇ ಇದೆ.

ಜೂನ್ 22, ಸೋಮವಾರ

ಬಿಟ್ಟು ಬಂದೆವು. ಗೇಟಿನ ಒಳಗೆ ಪೋಷಕರಿಗೆ ಪ್ರವೇಶವಿಲ್ಲ. ಹಣೆಗೆ ಜ್ವರದ ಯಂತ್ರ ಹಿಡಿದರು, ಟ್ರಂಕಿಗೆ ಅದೆಂಥದೋ ಔಷಧಿ ಸಿಂಪಡಿಸಿದರು. ಹುಡುಗಿಯರು ತಾವೇ ಟ್ರಂಕು ಎಳೆದುಕೊಂಡು ಹೋದರು. ಆಬಾ ಮಾವಿನ ಮರದ ತನಕ ಹೋಗಿ ಒಮ್ಮೆ ತಿರುಗಿ ನೋಡಿದಳು. ನಾನು "ಕೆಮಿಸ್ಟ್ರಿ!" ಎಂದು ಕೂಗಿದೆ. ಕೊಬಿನಾ ಕೈ ಬೀಸಿದರು.

ಜುಲೈ 10, ಶುಕ್ರವಾರ

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ನೂರಾ ಎಪ್ಪತ್ತು ಸಂದೇಶ. ಶಾಲೆಯ ಮೇಷ್ಟ್ರೊಬ್ಬರ ಮನೆಯಲ್ಲಿ ಕಾಯಿಲೆಯಂತೆ. ಆರು ಹುಡುಗಿಯರಿಗೆ ಬಂದಿದೆಯಂತೆ. ಮಧ್ಯಾಹ್ನಕ್ಕೆ ಆ ಆರು ನಲವತ್ತಾಯಿತು. ಅಳುವವರು, ಪ್ರಾರ್ಥನೆ ಕಳಿಸುವವರು, ಬೇವಿನ ಕಷಾಯ ಮಾಡುವ ವಿಧಾನ ಕಳಿಸುವವರು. ನಾನು ಒಂದೇ ಸಾಲು ಬರೆದೆ: "ಎಲ್ಲರೂ ಸ್ವಲ್ಪ ಸಮಾಧಾನದಿಂದಿರಿ." ಹದಿನೆಂಟು ಜನ ನನ್ನನ್ನು ಬೈದರು.

ಹುಡುಗಿಯರ ಹತ್ತಿರ ಫೋನು ಇರುವಂತಿಲ್ಲ. ಹಾಸ್ಟೆಲ್ ನೋಡಿಕೊಳ್ಳುವ ಮಿಸ್ ಡಾಡ್ಜಿ ಕರೆ ತೆಗೆದುಕೊಳ್ಳುತ್ತಿಲ್ಲ. ಭಾನುವಾರ ನಾನೇ ಹೋಗಿ ನೋಡಿಬರುತ್ತೇನೆ.

ಜುಲೈ 12, ಭಾನುವಾರ

ಗೇಟಿನೆದುರು ಇನ್ನೂರು ಜನರಾದರೂ ಇದ್ದರು. ಒಬ್ಬ ಗಂಡಸು ಗೇಟು ಹತ್ತಲು ಹೋಗಿ ಪ್ಯಾಂಟು ಹರಿದುಕೊಂಡು ಅಲ್ಲೇ ಸಿಕ್ಕಿಕೊಂಡಿದ್ದ. "ನಮ್ಮ ಮಕ್ಕಳನ್ನ ಕೊಡ್ರೀ!" ಎಂದು ಹೆಂಗಸರು ಕಬ್ಬಿಣದ ಸಲಾಕೆ ಹಿಡಿದು ಅಲ್ಲಾಡಿಸುತ್ತಿದ್ದರು. ಕಾವಲುಗಾರ ಹೆದರಿ ತನ್ನ ಗೂಡಿನೊಳಗೆ ಬೋಲ್ಟು ಹಾಕಿಕೊಂಡಿದ್ದ.

ಹದಿನೈದು ವರ್ಷದಿಂದ ಗಾಬರಿ ಬಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕೆಟ್ ಸರ್ಕಲ್ ದಾಟಿಸಿದವಳು ನಾನು. ಕಾರಿನ ಹಾರನ್ನು ಒಂದೇ ಸಮನೆ ಒತ್ತಿ ಹಿಡಿದೆ. ಎಲ್ಲರೂ ತಿರುಗಿದರು. "ಕೂಗಿದ್ರೆ ಅವರು ಬಾಗಿಲು ತೆಗೀತಾರಾ? ಒಂದೊಂದು ಮನೆಯವರು ಒಟ್ಟಾಗಿ ಸಾಲು ನಿಲ್ಲಿ. ಒಳಗಡೆಯಿಂದ ಹುಡುಗೀರನ್ನ ಹತ್ತು ಹತ್ತಾಗಿ ಬೇಲಿ ಹತ್ರ ಕರೆಸೋಣ. ಮುಖ ನೋಡಿ, ಮಾತಾಡಿ, ಆಮೇಲೆ ಕರ್ಕೊಂಡು ಹೋಗೋರು ಕರ್ಕೊಂಡು ಹೋಗಿ." ಮಿಸ್ ಡಾಡ್ಜಿಗೆ ಜೀವ ಬಂದಂತಾಯಿತು. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು.

ಆಬಾ ಬೇಲಿಯಿಂದ ನಾಲ್ಕು ಮಾರು ಆಚೆ ನಿಂತಳು. ಮಾಸ್ಕು ಕಣ್ಣಿನ ತನಕ. ಸ್ವಲ್ಪ ಸೊರಗಿದ್ದಾಳೆ, ಓದಿನ ಭಾರ.

"ಹೇಗಿದ್ದೀಯೇ?"

"ಇದ್ದೀನಿ ಅಮ್ಮಾ."

"ಜ್ವರ ಗಿರ ಇದ್ಯಾ?"

"ಮೊನ್ನೆ ಸ್ವಲ್ಪ ಇತ್ತು. ಹೋಯ್ತು." ಆಮೇಲೆ ಪಕ್ಕದ ಹುಡುಗಿಯರತ್ತ ಒಮ್ಮೆ ನೋಡಿ, "ಅಮ್ಮಾ, ಈ ಸಲ ಶಿಟೊ ಏನೂ ರುಚೀನೇ ಇಲ್ಲ" ಅಂದಳು.

ನೋಡಿ! ಎಂಬತ್ತು ಕಿಲೋಮೀಟರು ಬಂದಿದ್ದಕ್ಕೆ ಸಿಕ್ಕ ಮಾತು. "ಒಂದು ಸೇರು ಸೀಗಡಿ ಹಾಕಿದೀನಿ ಕಣೇ ಅದಕ್ಕೆ!" ಎಂದೆ. ಅವಳು ತಲೆ ತಗ್ಗಿಸಿದಳು. "ನಾನು ಮನೆಗೆ ಬರ್ಲಾ?" ಎಂದು ಕೇಳಿದಳು. ಹಿಂದೆ ಸಾಲಿನಲ್ಲಿದ್ದವರೆಲ್ಲ ಮಕ್ಕಳ ಟ್ರಂಕು ಹೊರಿಸುತ್ತಿದ್ದರು. ಅದನ್ನು ನೋಡಿ ಅವಳಿಗೂ ಆಸೆಯಾಗಿರಬೇಕು. "ಇನ್ನೊಂದು ವಾರಕ್ಕೆ ಪರೀಕ್ಷೆ. ಈಗ ಬಂದ್ರೆ ಮತ್ತೆ ಒಳಗೆ ಬಿಡ್ತಾರೋ ಇಲ್ವೋ. ತಡ್ಕೋ ಮಗಳೇ, ನೀನು ನನ್ನ ಮಗಳು" ಎಂದೆ. ತಲೆಯಾಡಿಸಿ ಹೋದಳು. ಗಟ್ಟಿಗಿತ್ತಿ.

ಮನೆಗೆ ಬಂದು ಊಟಕ್ಕೆ ಕೂತಾಗ ಕೊಬಿನಾಗೆ ಇದನ್ನು ಹೇಳಿ ನಗಬೇಕೆಂದಿದ್ದೆ. ಅವರು ತುತ್ತು ತಟ್ಟೆಯಲ್ಲೇ ಬಿಟ್ಟು, "ಅವಳು ಏನಂದ್ಳು? ಅವಳ ಮಾತಲ್ಲೇ ಹೇಳು" ಎಂದರು. ಮೂರು ಸಲ ಹೇಳಿಸಿದರು. ಈಚೆಗೆ ಅವರಿಗೆ ಕಿವಿ ಮಂದವಾಗುತ್ತಿದೆ, ತೋರಿಸಬೇಕು.

ಜುಲೈ 13, ಸೋಮವಾರ

ನಾನು ಏಳುವಷ್ಟರಲ್ಲಿ ಕೊಬಿನಾ ಇಲ್ಲ, ಕಾರೂ ಇಲ್ಲ. ಮೇಜಿನ ಮೇಲೆ ಚೀಟಿ: "ಆಬಾಳ ಹತ್ತಿರ ಹೋಗುತ್ತಿದ್ದೇನೆ." ಕಾರು ತೆಗೆದುಕೊಂಡು ಹೋಗುವಾಗ ಹೇಳಿ ಹೋಗಬಾರದೆ?

ಹನ್ನೊಂದಕ್ಕೆ ಫೋನು ಬಂತು. ಅವರು ಜಗಳವಾಡಿ ಕೊರೊನಾ ಪರೀಕ್ಷೆ ಮಾಡಿಸಿದರಂತೆ. ಜಗಳ, ಕೊಬಿನಾ! "ಎಕುವಾ, ಶಿಟೊ ಚೆನ್ನಾಗೇ ಇತ್ತು. ಅವಳಿಗೆ ನಾಲ್ಕು ದಿನದಿಂದ ಯಾವುದರ ವಾಸನೇನೂ ಇಲ್ಲ, ರುಚೀನೂ ಇಲ್ಲ. ಎಲ್ಲರೆದುರಿಗೆ ಹೇಳಿದ್ರೆ ಜೊತೇವ್ರನ್ನೆಲ್ಲ ಕೂಡಿಹಾಕ್ತಾರೆ ಅಂತ ಹೆದರಿ ನಿನಗೆ ಹಾಗೆ ಹೇಳಿದ್ಳು."

ಜುಲೈ 14

ನಾಲ್ಕು ಮಾರು ದೂರದಲ್ಲಿದ್ದಳು.

ಜುಲೈ 16, ಗುರುವಾರ

ಫಲಿತಾಂಶ ಬಂತು. ಹೌದು. ಆಬಾ ಸೇರಿ ಏಳು ಹುಡುಗಿಯರನ್ನು ಹಳೆಯ ಸಂಗೀತದ ಕೋಣೆಯಲ್ಲಿ ಬೇರೆ ಇರಿಸಿದ್ದಾರೆ. ಉಸಿರಾಟಕ್ಕೆ ತೊಂದರೆಯಿಲ್ಲ, ಜ್ವರ ಇಳಿದಿದೆ. ದಿನಕ್ಕೊಮ್ಮೆ ನರ್ಸ್ ಬರುತ್ತಾಳೆ. ಈಗ ಮನೆಗೆ ಕಳಿಸುವುದಿಲ್ಲ. ಪರೀಕ್ಷೆಯನ್ನು ಆ ಕೋಣೆಯಲ್ಲೇ ಬರೆಯಬಹುದಂತೆ.

ಕೊಬಿನಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ಅನ್ನಬಹುದಿತ್ತು.

ಜುಲೈ 22, ಬುಧವಾರ

ಕೆಮಿಸ್ಟ್ರಿ ಪ್ರಯೋಗ ಪರೀಕ್ಷೆ ಇವತ್ತು. ಏಳು ಜನರನ್ನೂ ಪ್ರಯೋಗಾಲಯದೊಳಗೆ ಬಿಡಲಿಲ್ಲ. ಕೋಣೆಯಲ್ಲಿ ಆಸಿಡ್ಡು ಬಾಟಲಿ ಇಟ್ಟು ಬರೆಸುವುದಕ್ಕಾಗುವುದಿಲ್ಲ ಎಂದರು. ಮಿಸ್ ಡಾಡ್ಜಿಯ ಹತ್ತಿರ ಇಪ್ಪತ್ತು ನಿಮಿಷ ವಾದಿಸಿದೆ. ಕೊನೆಗೆ ಆಕೆ ಅತ್ತುಬಿಟ್ಟಳು. ಅವಳದೇನೂ ತಪ್ಪಿಲ್ಲ. ಒಂದು ಭಾಗ ಬರೆಯದಿದ್ದರೆ ಇಡೀ ವಿಷಯಕ್ಕೇ ಗೈರುಹಾಜರಿ.

ಸರಿ. ಮುಂದಿನ ವರ್ಷ ಖಾಸಗಿಯಾಗಿ ಕೆಮಿಸ್ಟ್ರಿ ಕಟ್ಟಿದರಾಯಿತು. ದಾರಿ ಮುಚ್ಚಿದ್ದರೆ ಬಳಸಿಕೊಂಡು ಹೋಗುವುದು.

ಸೆಪ್ಟೆಂಬರ್ 5, ಶನಿವಾರ

ಆಬಾ ಮನೆಗೆ ಬಂದಳು. ಕುತ್ತಿಗೆಯ ಮೂಳೆ ಕಾಣುತ್ತಿದೆ, ನಗು ಮಾತ್ರ ಮೊದಲಿನದೇ. ಹೊಸದಾಗಿ ಶಿಟೊ ಮಾಡಿದ್ದೆ. ಮೆಕ್ಕೆಜೋಳದ ಬಿಸಿ ಕೆಂಕೆ ಮುದ್ದೆಯ ಎಲೆ ಬಿಡಿಸಿ, ಮುರಿದು, ಶಿಟೊದಲ್ಲಿ ಅದ್ದಿ ಬಾಯಿಗಿಟ್ಟಳು. ನಾನು ಪಾತ್ರೆ ಒರೆಸುವವಳಂತೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ.

"ಉಪ್ಪು ಸ್ವಲ್ಪ ಜಾಸ್ತಿ ಆಯ್ತು ಅಮ್ಮಾ."

ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡೆ. ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.

ಆ ಕೋಣೆಯ ಕಥೆ ಹೇಳಿದಳು. ಮೇಷ್ಟ್ರುಗಳು ಕಿಟಕಿಯಾಚೆಯಿಂದ ಪುಸ್ತಕ ಕೊಟ್ಟು ಹೋಗುತ್ತಿದ್ದರಂತೆ. "ಅಲ್ಲಿ ಯಾರಿಗೂ ಕಾಯಿಲೆ ಭಯ ಇರ್ಲಿಲ್ಲ ಅಮ್ಮಾ. ಮ್ಯಾಥ್ಸ್ ಪೇಪರ್ ಭಯ. ಸೆಫಾ ಅಂತ ಒಬ್ಳಿದ್ಳು, ಭಿನ್ನರಾಶಿ ನೋಡಿದ್ರೆ ವಾಂತಿ ಮಾಡ್ಕೊಳ್ತಿದ್ಳು. ನಾನು ಪಿಯಾನೋ ಮುಚ್ಚಳದ ಮೇಲೆ ಚಾಕ್‌ನಲ್ಲಿ ಬರೆದು ಬರೆದು ಹೇಳಿಕೊಟ್ಟೆ."

"ನೀನು ನಿಂದು ಓದ್ಕೊಳ್ಳೋದು ಬಿಟ್ಟು?"

"ಹೇಳಿಕೊಡ್ತಾ ನಂದೂ ಆಯ್ತು."

ಬೇಲಿಯ ಮಾತನ್ನು ಅವಳೂ ಎತ್ತಲಿಲ್ಲ. ನಾನು ಎತ್ತಬೇಕೆಂದಿದ್ದೆ. ಅಷ್ಟರಲ್ಲಿ ನಿದ್ದೆ ಹೋಗಿದ್ದಳು.

ಅಕ್ಟೋಬರ್ 17, ಶನಿವಾರ

ಅರ್ಜಿ ತುಂಬಿದೆವು. ಫಲಿತಾಂಶ ಬರುವ ಮೊದಲೇ ಕಳಿಸಬಹುದು. ಲೆಗಾನಿನ ವೈದ್ಯಕೀಯ ವಿಭಾಗದ್ದನ್ನು ನಾನೇ ತುಂಬಿದೆ. ಕೆಮಿಸ್ಟ್ರಿಯದ್ದು ಆಮೇಲೆ ನೋಡಿಕೊಳ್ಳೋಣ, ಸರಿಯಾದವರನ್ನು ಕಂಡು ವಿವರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಆಮೇಲೆ ಗೊತ್ತಾಯಿತು, ಅಪ್ಪ ಮಗಳು ಸೇರಿ ಕೇಪ್‌ಕೋಸ್ಟ್ ವಿಶ್ವವಿದ್ಯಾಲಯದ ಅರ್ಜಿಯನ್ನೂ ತಂದಿದ್ದಾರೆ. ಗಣಿತ ಶಿಕ್ಷಕರ ಪದವಿ!

"ಟೀಚರ್?" ಎಂದೆ. "ಡಾಕ್ಟರ್ ಆಗೋ ತಲೆ ಇಟ್ಕೊಂಡು ಚಾಕ್ ಪೀಸ್ ಹಿಡೀತೀಯಾ?"

"ಒಂದು ಕೈಯಲ್ಲಿರ್ಲಿ ಬಿಡೇ" ಎಂದರು ಕೊಬಿನಾ.

ಇರಲಿ ಎಂದೆ. ಎರಡನೇ ಅರ್ಜಿಯನ್ನು ಯಾರು ಓದುತ್ತಾರೆ?

ಅಕ್ಟೋಬರ್ 29, ಗುರುವಾರ

ಕಲಿಯುವವರು ಮತ್ತೆ ಬರತೊಡಗಿದ್ದಾರೆ. ಮೊದಲು ಬಂದವಳು ಮಾನ್ಸಾ ಅಕ್ಕ. ಸೆಕೊಂಡಿಯ ಮೀನು ವ್ಯಾಪಾರಿ, ಐವತ್ತಮೂರು ವರ್ಷ. ಅವಳ ವ್ಯಾನಿನ ಡ್ರೈವರು ಕೊರೊನಾ ಹೆದರಿಕೆಗೆ ಊರು ಬಿಟ್ಟ, ಈಗ ತಾನೇ ಓಡಿಸುತ್ತೇನೆಂದು ಹಟ. ಸ್ಟೀರಿಂಗು ಹಿಡಿದರೆ ಸಿಂಹಿಣಿ. ಲೈಸೆನ್ಸ್ ಕಚೇರಿಯ ಪ್ರಶ್ನೆಗಳ ಮುಂದೆ ಕೂತರೆ ಮಾತ್ರ ಬೆವರು. ನನ್ನ ಹತ್ತಿರ ಬರುವ ಮೊದಲೇ ಮೂರು ಸಲ ಫೇಲಾಗಿದ್ದಾಳೆ. ಇವತ್ತು ನಾನು ಒಂದೇ ಪ್ರಶ್ನೆಯನ್ನು ಒಂಬತ್ತು ಸಲ ಹೇಳಿದೆ. ಕೊನೆಗೆ ಅವಳೆಂದಳು, "ಮೇಡಂ, ನೀವು ಕೂಗಿದಷ್ಟೂ ನನ್ನ ತಲೆ ಬಾಗಿಲು ಹಾಕ್ಕೊಳ್ಳತ್ತೆ."

ನಾನು ಕೂಗುತ್ತಿರಲಿಲ್ಲ. ನನ್ನ ಗಂಟಲೇ ಹಾಗೆ.

ನವೆಂಬರ್ 14, ಶನಿವಾರ

ಫಲಿತಾಂಶ. ಕೊಬಿನಾರ ಫೋನಿನಲ್ಲಿ ನೋಡಿದೆವು. ಗಣಿತ ಎ ಒಂದು, ಅದಕ್ಕಿಂತ ಮೇಲಿನ ದರ್ಜೆಯಿಲ್ಲ. ಮೇಲ್ಮಟ್ಟದ ಗಣಿತವೂ ಎ ಒಂದು. ಭೌತಶಾಸ್ತ್ರ ಬಿ ಎರಡು, ಜೀವಶಾಸ್ತ್ರ ಬಿ ಎರಡು, ಇಂಗ್ಲಿಷ್, ಸಮಾಜ, ವಿಜ್ಞಾನ ಎಲ್ಲ ಚೆನ್ನಾಗಿವೆ. ಕೆಮಿಸ್ಟ್ರಿಯ ಮುಂದೆ: ಗೈರುಹಾಜರು.

ಗೊತ್ತಿದ್ದದ್ದೇ. ಆದರೂ ಆ ಪದ ಓದಿದಾಗ ಅವಳು ಎಲ್ಲೋ ಅಲೆಯಲು ಹೋಗಿದ್ದಳೆಂಬಂತೆ ಕಂಡಿತು. ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದೆ. ಮಲಗಲಿಕ್ಕೂ ಬಿಡಲಿಲ್ಲ, ಬೆಳಗಿನಿಂದ ಆಬಾಳ ಫೋನು ನಿಲ್ಲುತ್ತಿಲ್ಲ. ಪ್ರತಿ ಸಲವೂ ಅತ್ತಲಿಂದ ಕಿರುಚಾಟ, ಇತ್ತಲಿಂದ ಇವಳ ಕಿರುಚಾಟ. ಆರನೇ ಸಲ ಎದ್ದು ಹೋಗಿ, "ಏನೇ ಅದು, ಮದುವೆ ಮನೆಯಾ ಇದು?" ಎಂದೆ.

ಆಬಾಳ ಕೆನ್ನೆಯೆಲ್ಲ ಒದ್ದೆ. "ಸೆಫಾ ಪಾಸ್ ಅಮ್ಮಾ! ಮ್ಯಾಥ್ಸ್‌ನಲ್ಲಿ ಸಿ ನಾಲ್ಕು! ಸಂಗೀತದ ಕೋಣೇಲಿದ್ದ ಏಳು ಜನಾನೂ ಮ್ಯಾಥ್ಸ್ ಪಾಸ್!"

ತನ್ನ ಕೆಮಿಸ್ಟ್ರಿ ಹೋದದ್ದಕ್ಕೆ ಇಷ್ಟಾದರೂ ಅತ್ತಿದ್ದಾಳೆಯೇ? ಇಲ್ಲ.

ನವೆಂಬರ್ 16, ಸೋಮವಾರ

ದಾರಿ ಸಿಕ್ಕಿತು. ಹಗಾನ್ ಸಾಹೇಬರಿಗೆ ಫೋನು ಮಾಡಿದೆ. ಹನ್ನೆರಡು ವರ್ಷದ ಹಿಂದೆ ನನ್ನ ಹತ್ತಿರ ಕಾರು ಕಲಿತವರು, ನಮ್ಮ ಕಾಂಪೌಂಡಿನ ಗೋಡೆಗೆ ಎರಡು ಸಲ ಹಿಮ್ಮುಖವಾಗಿ ಗುದ್ದಿದವರು. ಈಗ ಅಕ್ರಾದಲ್ಲಿ ದೊಡ್ಡ ಕುರ್ಚಿ. ಹೊಸದಾಗಿ ಶುರುವಾಗಿರುವ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ಆಡಳಿತದಲ್ಲಿ ಅವರ ಮಾತು ನಡೆಯುತ್ತದೆ.

"ಮೇಡಂ, ನಿಮ್ಮಿಂದ ನಾನು ಬ್ರೇಕ್ ಯಾವುದು ಅಂತ ಕಲಿತಿದ್ದು. ಹುಡುಗಿ ಹೆಸರು ಕಳ್ಸಿ. ಮೊದಲು ಒಳಗೆ ಬರ್ಲಿ, ಕೆಮಿಸ್ಟ್ರಿ ಆಮೇಲೆ ಕಟ್ಟಿಕೊಳ್ಲಿ. ಪಟ್ಟೀಲಿ ಸೇರಿಸ್ತೀನಿ."

ಹಾಡುತ್ತಾ ಅಡುಗೆಮನೆಗೆ ಹೋದೆ. ಆಬಾ ಟೊಮ್ಯಾಟೊ ರುಬ್ಬುತ್ತಿದ್ದಳು. ಹೇಳಿದೆ. ರುಬ್ಬುವುದನ್ನು ನಿಲ್ಲಿಸಿದಳು.

"ಅಮ್ಮಾ, ಆ ಪಟ್ಟೀಲಿ ನನ್ನ ಹೆಸರು ಬರೆದ್ರೆ ಯಾರದ್ದೋ ಹೆಸರು ಹೊಡೆದುಹಾಕ್ಬೇಕಲ್ವಾ?"

"ಎಲ್ಲರೂ ಮಾಡೋದೇ ಇದು."

"ಮಾಡ್ಲಿ. ನನಗೆ ಡಾಕ್ಟರ್ ಆಗೋಕೆ ಇಷ್ಟ ಇಲ್ಲ ಅಮ್ಮಾ. ಎರಡು ವರ್ಷದಿಂದ ಹೇಳ್ಬೇಕು ಅಂತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇರೆ ಏನೋ ಕೇಳಿಸ್ಕೊಳ್ತೀರಿ."

ಇಷ್ಟು ಉದ್ಧಟತನದ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಬಾಯಿಗೆ ಬಂದ ಉತ್ತರ ಹೇಳಲು ಹೊರಟೆ. ಏಕೋ ಆ ಬೇಲಿ ಕಣ್ಣ ಮುಂದೆ ಬಂತು. ಹಿತ್ತಲಿಗೆ ಹೋಗಿ, ಒಣಗದ ಬಟ್ಟೆಗಳನ್ನೇ ತೆಗೆದು ಮಡಿಸಿದೆ.

ಹೆಸರನ್ನು ಕಳಿಸಿದ್ದೇನೆ. ಅವಳಿಗಿನ್ನೂ ಹದಿನೇಳು.

ನವೆಂಬರ್ 21, ಶನಿವಾರ

ಇದನ್ನು ಸರಿಯಾಗಿ ಬರೆದಿಡಬೇಕು.

ಮಧ್ಯಾಹ್ನ ಮಾನ್ಸಾ ಅಕ್ಕ ಪಾಠಕ್ಕೆ ಬಂದಳು. ಸೋಮವಾರ ನಾಲ್ಕನೇ ಸಲ ಪರೀಕ್ಷೆ. ನನ್ನ ಗಂಟಲು ಕಟ್ಟಿತ್ತು. ಚುನಾವಣಾ ಮೆರವಣಿಗೆಯವರ ಧ್ವನಿವರ್ಧಕದ ಗಲಾಟೆ ಮೀರಿ ಪಾಠ ಹೇಳಲು ಇಡೀ ಬೆಳಿಗ್ಗೆ ಕೂಗಿದ್ದೆ. ಎದ್ದು ಶುಂಠಿ ನೀರು ಕಾಯಿಸಲು ಒಳಗೆ ಹೋದೆ. ಬರುವಷ್ಟರಲ್ಲಿ ಅಂಗಳದ ಬೆಂಚಿನ ಮೇಲೆ ಅವಳ ಪಕ್ಕ ಆಬಾ ಕೂತಿದ್ದಾಳೆ. ನಾನು ಬಾಗಿಲ ಹಿಂದೆಯೇ ನಿಂತೆ.

ಅದೇ ಹಾಳು ಪ್ರಶ್ನೆ: ವೇಗ ಎರಡರಷ್ಟಾದರೆ, ಬ್ರೇಕು ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಎಷ್ಟು?

"ಎರಡರಷ್ಟು" ಎಂದಳು ಮಾನ್ಸಾ ಅಕ್ಕ. ಯಾವಾಗಲೂ ಅದನ್ನೇ ಹೇಳುವುದು.

ನಾನಾಗಿದ್ದರೆ 'ಅಲ್ಲ!' ಎನ್ನುತ್ತಿದ್ದೆ. ಆಬಾ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. "ಆಂಟಿ, ನೀವು ಮೀನು ಹೊಗೆ ಹಾಕೋ ಜಾಲರಿ ಎಷ್ಟು ದೊಡ್ಡದು?" ಎಂದು ಕೇಳಿದಳು.

"ಒಂದು ಮಾರು ಉದ್ದ, ಒಂದು ಮಾರು ಅಗಲ. ಯಾಕೆ, ನಿನಗೂ ಮೀನು ಬೇಕಾ?"

"ಅದರಲ್ಲಿ ಎಷ್ಟು ಮೀನು ಹಿಡಿಯತ್ತೆ?"

"ನೂರು. ಒತ್ತಿ ಇಟ್ರೆ ನೂರಾ ಹತ್ತು."

ಆಬಾ ಕಡ್ಡಿಯಿಂದ ಮಣ್ಣಿನ ಮೇಲೆ ಒಂದು ಚೌಕ ಬರೆದಳು. "ನಿಮ್ಮ ಬಡಗಿ ತಪ್ಪು ಮಾಡ್ದ. ಎರಡು ಮಾರು ಉದ್ದ, ಎರಡು ಮಾರು ಅಗಲ ಮಾಡಿಬಿಟ್ಟ. ಈಗ?"

"ಅಯ್ಯೋ, ಆಗ ನಾನ್ನೂರು. ಅಷ್ಟು ಸೌದೆ ಎಲ್ಲಿಂದ ತರ್ಲಿ? ಅವನ ಕಿವಿ ಹಿಂಡ್ತೀನಿ."

"ಇನ್ನೂರು ಅಲ್ವಾ?"

"ಏನು ಹುಡುಗೀ ನೀನು, ಡಾಕ್ಟರ್ ಆಗ್ತೀಯಂತೆ, ಇಷ್ಟೂ ತಿಳಿಯಲ್ವಾ? ಉದ್ದಾನೂ ಬೆಳೀತು, ಅಗಲಾನೂ ಬೆಳೀತು. ನಾಲ್ಕು ಜಾಲರಿ ಜಾಗ ಹಿಡಿಯತ್ತೆ ಅದು!" ಎಂದು ಕಡ್ಡಿ ಕಿತ್ತುಕೊಂಡು ತಾನೇ ನಾಲ್ಕು ಮನೆ ಗೆರೆ ಎಳೆದು ತೋರಿಸಿದಳು.

ಆಬಾ ಸುಮ್ಮನೆ ಕೂತಳು. ಅಷ್ಟೇ, ಸುಮ್ಮನೆ. ನನಗೆ ಒಳಗೆ ನಾಲಿಗೆ ತುರಿಸುತ್ತಿತ್ತು, ಹೋಗಿ ಉತ್ತರ ಹೇಳಿಬಿಡೋಣ ಎಂದು. ಮಾನ್ಸಾ ಅಕ್ಕ ಆ ನಾಲ್ಕು ಮನೆಗಳನ್ನು ನೋಡಿದಳು, ಪ್ರಶ್ನೆಯ ಹಾಳೆ ನೋಡಿದಳು, ಮತ್ತೆ ಮಣ್ಣು ನೋಡಿದಳು.

"ಬ್ರೇಕೂ... ಇದೇ ಥರಾನಾ?"

"ಇದೇ ಥರ ಆಂಟಿ. ವೇಗಾನೂ ಎರಡರಷ್ಟು, ನಿಲ್ಲೋಕೆ ಹಿಡಿಯೋ ಹೊತ್ತೂ ಎರಡರಷ್ಟು."

"ಹಾಗಾದ್ರೆ ನಾಲ್ಕರಷ್ಟು!" ಮೇಲಕ್ಕೆದ್ದೇಬಿಟ್ಟಳು. "ಅದಕ್ಕೇ ಆ ಕಳ್ಳ ಡ್ರೈವರು ಇಳಿಜಾರಲ್ಲಿ ಹೋಗಿ ಗುದ್ದಿದ್ದು! ಮೇಡಂ! ಎಲ್ಲಿದ್ದೀರಿ ಮೇಡಂ? ನಾಲ್ಕರಷ್ಟು ಕಣ್ರೀ!"

ಆಗ ಶುಂಠಿ ನೀರು ತೆಗೆದುಕೊಂಡು ಹೊರಗೆ ಬಂದೆ. ಹದಿನೈದು ವರ್ಷದಲ್ಲಿ ಆ ಪ್ರಶ್ನೆಯನ್ನು ಸಾವಿರ ಸಲವಾದರೂ ಹೇಳಿರಬೇಕು. ಬಾಯಿಪಾಠ ಮಾಡಿಸಿದ್ದೇನೆಯೇ ಹೊರತು ನಾಲ್ಕೇ ಏಕೆ ಎಂದು ನನಗೇ ಗೊತ್ತಿರಲಿಲ್ಲ. ಮಾನ್ಸಾ ಅಕ್ಕನಿಗೆ ಅದನ್ನು ಹೇಳಲಿಲ್ಲ. ಆಬಾ ನನ್ನ ಮುಖ ನೋಡಿದಳು, ಅವಳಿಗೆ ತಿಳಿದಿರಬೇಕು.

ನವೆಂಬರ್ 23, ಸೋಮವಾರ

ಮಾನ್ಸಾ ಅಕ್ಕ ಪಾಸು. ಲೈಸೆನ್ಸ್ ಕಚೇರಿಯ ಮೆಟ್ಟಿಲ ಮೇಲೆ ಕುಣಿದಳು. ಒಂದು ಬುಟ್ಟಿ ಹೊಗೆಮೀನು ತಂದು ಇಟ್ಟಳು. ನನಗೆಂದುಕೊಂಡೆ. "ಚಿಕ್ಕ ಮೇಡಂಗೆ" ಎಂದಳು.

ನವೆಂಬರ್ 24, ಮಂಗಳವಾರ

ಹಗಾನ್ ಸಾಹೇಬರಿಗೆ ಫೋನು ಮಾಡಿ ಹೆಸರು ತೆಗೆಸಿದೆ.

"ಮೇಡಂ, ಹುಚ್ಚಾ ನಿಮಗೆ? ಜನ ಇದಕ್ಕೆ ಸಾಲು ನಿಂತಿದ್ದಾರೆ."

"ನಿಂತಿರ್ಲಿ. ಅವರಲ್ಲಿ ಒಬ್ಬರಿಗೆ ಜಾಗ ಆಯ್ತು."

"ಹುಡುಗಿಗೆ ಏನಾಯ್ತು?"

"ಏನೂ ಆಗಿಲ್ಲ. ಅವಳಿಗೆ ಬೇರೆ ಕೆಲಸ ಇದೆ."

ಆಮೇಲೆ ಬೀರುವಿನ ಬಾಗಿಲಿನ ಕಾಗದಗಳನ್ನು ಕಿತ್ತೆ. ಅಂಟು ಗಟ್ಟಿಯಾಗಿತ್ತು, ಬಣ್ಣವೂ ಕಿತ್ತು ಬಂತು. ಕೊಬಿನಾ ಬಂದು ನೋಡಿ, "ಬಣ್ಣ ಹೊಡಿಸ್ಬೇಕು" ಎಂದಷ್ಟೇ ಹೇಳಿದರು. ರಾತ್ರಿಯ ಊಟಕ್ಕೆ ಮೂವರೂ ಹೊಗೆಮೀನಿನ ಸಾರು ಉಂಡೆವು. ಉಣ್ಣುತ್ತಾ ಆಬಾಗೆ ಹೇಳಿದೆ: "ಅವತ್ತು ಬೇಲಿ ಹತ್ರ ನೀನು ಹೇಳಿದ್ದು ನನಗೆ ಕೇಳಿಸ್ಲಿಲ್ಲ. ತಪ್ಪಾಯ್ತು." ಅವಳು ಮುಳ್ಳು ಬಿಡಿಸಿದ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದಳು.

ಡಿಸೆಂಬರ್ 20, ಭಾನುವಾರ

ಚರ್ಚಿನಿಂದ ಬರುವಾಗ ಮಿಸೆಸ್ ಬೈಡೂ ಎಂದಿನಂತೆ, "ನಮ್ಮ ಡಾಕ್ಟರ್ ಹೇಗಿದ್ದಾಳೆ?" ಎಂದರು.

"ಡಾಕ್ಟರ್‌ಗಳನ್ನ ತಯಾರು ಮಾಡೋಕೆ ಹೋಗ್ತಿದ್ದಾಳೆ" ಎಂದೆ. "ಗಣಿತ ಬರದೆ ಔಷಧಿ ಅಳತೆ ಹಾಕೋಕಾಗತ್ತಾ?"

ಅವರು ಬಾಯಿ ತೆರೆದುಕೊಂಡು ನಿಂತರು. ಇನ್ನೂ ಪ್ರವೇಶಪತ್ರ ಬಂದಿಲ್ಲ ಎಂಬುದನ್ನು ನಾನು ಹೇಳಲು ಹೋಗಲಿಲ್ಲ. ಬರುತ್ತದೆ.

ಡಿಸೆಂಬರ್ 29, ಮಂಗಳವಾರ

ಬಂತು! ಕೇಪ್‌ಕೋಸ್ಟ್, ಗಣಿತ ಶಿಕ್ಷಣ, ನಾಲ್ಕು ವರ್ಷ. ಸಂದೇಶ ಬಂದಾಗ ಆಬಾ ಅಂಗಡಿಗೆ ಹೋಗಿದ್ದಳು. ಫೋನು ಮೇಜಿನ ಮೇಲಿತ್ತು. ಅರ್ಧ ಸಾಲು ಹೊರಗೇ ಕಾಣುತ್ತಿತ್ತು. ನಾನು ತೆರೆಯಲಿಲ್ಲ. ಕೊಬಿನಾರನ್ನೂ ತೆರೆಯಲು ಬಿಡಲಿಲ್ಲ. ಇಬ್ಬರೂ ಫೋನಿನ ಎರಡು ಕಡೆ ಕಾವಲು ಕೂತೆವು. ಅವಳು ಬಂದು, ಚೀಲ ಇಟ್ಟು, ನಮ್ಮ ಮುಖಗಳನ್ನು ನೋಡಿ, "ಯಾರು ಹೋದ್ರು?" ಎಂದು ಗಾಬರಿಯಾದಳು.

ಜನವರಿ 23, 2021, ಶನಿವಾರ

ಆಬಾಳನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟು ಬಂದೆವು. ಮತ್ತೆ ಮಾಸ್ಕು, ಮತ್ತೆ ಜ್ವರದ ಯಂತ್ರ, ಮತ್ತೆ ಪೋಷಕರು ಕಟ್ಟಡದ ಹೊರಗೆ. ಈ ಸಲ ನಾನು ಹಾರನ್ ಒತ್ತಲಿಲ್ಲ. ಸಾಲು ಚೆನ್ನಾಗಿಯೇ ಇತ್ತು.

ಹಾಸ್ಟೆಲ್ಲಿನ ಮುಂದೆ ಮರದ ಕೆಳಗೆ ಮೇಜು ಹಾಕಿಕೊಂಡು ಒಬ್ಬ ಹೆಸರು ಬರೆಸಿಕೊಳ್ಳುತ್ತಿದ್ದ. ಪ್ರತಿಯೊಬ್ಬರೂ ಒಂದು ಹಾಳೆ ತುಂಬಬೇಕು. ಆಬಾ ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆದಳು. ಸಹಿ ಹಾಕಲು ನನ್ನ ಕೈಗೆ ಕೊಟ್ಟಳು. ಸಹಿ ಹಾಕುವ ಮೊದಲು ಓದುವುದು ನನ್ನ ಅಭ್ಯಾಸ.

ಹೆಸರು, ಊರು, ಹುಟ್ಟಿದ ದಿನ, ಸರಿ. ತಂದೆಯ ಉದ್ಯೋಗ: ರೈಲ್ವೆ ಉಗ್ರಾಣಾಧಿಕಾರಿ. ತಾಯಿಯ ಉದ್ಯೋಗ: ಶಿಕ್ಷಕಿ.

ಅವಳು ಒಂದನೇ ತರಗತಿಗೆ ಸೇರಿದಂದಿನಿಂದ ಆ ಜಾಗದಲ್ಲಿ ನಾನು ಬರೆಯುತ್ತಾ ಬಂದದ್ದು ಸ್ವಂತ ವ್ಯವಹಾರ ಎಂದು.

"ಏನೇ ಇದು?" ಎಂದೆ.

"ಯಾಕಮ್ಮಾ, ತಪ್ಪಾಯ್ತಾ?" ಅವಳು ತಮಾಷೆ ಮಾಡುತ್ತಿರಲಿಲ್ಲ. ಏನು ತಪ್ಪಿರಬಹುದೆಂದು ಹಾಳೆಯತ್ತ ಬಗ್ಗಿ ನೋಡಿದಳು.

ಮೇಜಿನವನು "ಬೇಗ ಬೇಗ, ಹಿಂದೆ ಜನ ಇದ್ದಾರೆ" ಎಂದ. ಕೊಬಿನಾ ಟ್ರಂಕು ಇಳಿಸುತ್ತಿದ್ದರು. ನಾನು ಆ ಒಂದು ಸಾಲನ್ನು ಇನ್ನೊಮ್ಮೆ ಓದಿದೆ. ಅಕ್ಷರ ದುಂಡಗಿತ್ತು. ಕಾಗುಣಿತವೂ ಸರಿಯಿತ್ತು.

ಸಹಿ ಹಾಕಿ ಕೊಟ್ಟೆ.